ಒಪೆರಾ ಕೈಪಿಡಿಯ ಮೊದಲ ಹತ್ತು ಸಾಲು

ಒಪೆರಾ ಅಂದರೆ ಮಾತಿನ ಬದಲು ಹೆಚ್ಚಾಗಿ ಹಾಡಿನಲ್ಲೇ ನಡೆಯುವ ಪಾಶ್ಚಾತ್ಯ ನಾಟಕ. ನಾನು ಮೊದಲು ಕೇಳಿದ ಒಪೆರಾ ಇಟಲಿಯ ಸಂಯೋಜಕ ವೆರ್ದಿಯ 'ಲಾ ತ್ರಾವಿಯಾತಾ'. ಸ್ನೇಹಿತರೊಬ್ಬರ ಮನೆಯಿಂದ ಎರಡು ಕ್ಯಾಸೆಟ್ ತಂದಿದ್ದೆ. ಜೊತೆಗಿರಬೇಕಾದ ಸಾಹಿತ್ಯದ ಸಣ್ಣ ಪುಸ್ತಕ ಎಲ್ಲೋ ಕಳೆದುಹೋಗಿತ್ತು. ಇಟಾಲಿಯನ್ ಒಂದಕ್ಷರವೂ ನನಗೆ ಬರುತ್ತಿರಲಿಲ್ಲ. ಒಬ್ಬ ಹೆಂಗಸು ಸಂಕಟದಲ್ಲಿದ್ದಾಳೆ ಅನ್ನುವುದು ದನಿಯಿಂದ ಗೊತ್ತಾಗುತ್ತಿತ್ತು. ಯಾಕೆ ಅಂತ ಗೊತ್ತಾಗುತ್ತಿರಲಿಲ್ಲ. ಕೊನೆಯ ಕ್ಯಾಸೆಟ್ಟಿನಲ್ಲಿ ಒಂದು ಕಡೆ ಹಾಡು ನಿಂತುಹೋಯಿತು. ಆಕೆ ಹಾಡುವುದನ್ನು ಬಿಟ್ಟು ಸುಮ್ನೆ ಮಾತಾಡಿದಳು. ಹಿಂದೆ ಪಿಟೀಲು ಮಾತ್ರ ಮೆಲ್ಲಗೆ ಕೇಳುತ್ತಿತ್ತು. ಅಷ್ಟು ಹೊತ್ತು ಹಾಡಿದವಳು ಇಲ್ಲಿ ಯಾಕೆ ಮಾತಾಡಿದಳು? ಈ ಪ್ರಶ್ನೆ ಎಷ್ಟೋ ದಿನ ತಲೆಯಲ್ಲಿತ್ತು.

ಉತ್ತರ ಸಿಕ್ಕಿದ್ದು ಲೈಬ್ರರಿಯ ಒಂದು ದಪ್ಪ ಪುಸ್ತಕದಲ್ಲಿ. ಇವತ್ತು ಮಾತಾಡಲು ಬಂದಿರುವುದು ಅಂಥ ಪುಸ್ತಕಗಳ ಬಗ್ಗೆಯೇ. ಒಪೆರಾ ಕೈಪಿಡಿಗಳು, ನಿಘಂಟುಗಳು, ಆಕರ ಗ್ರಂಥಗಳು. ನಮ್ಮೂರಿನಲ್ಲಿ ಕೂತು ಒಪೆರಾ ಕಲಿಯುವವರಿಗೆ ಗುರು ಸಿಗುವುದು ಕಷ್ಟ. ಒಪೆರಾ ಮನೆಯೂ ಪಕ್ಕದ ಬೀದಿಯಲ್ಲಿ ಇರುವುದಿಲ್ಲ. ಪುಸ್ತಕ ಸಿಗುತ್ತದೆ. ಆದರೆ ಅದನ್ನು ಓದುವ ಕ್ರಮ ಗೊತ್ತಿರಬೇಕು. ನಾವೆಲ್ಲ ಸಾಮಾನ್ಯವಾಗಿ ಕೈಪಿಡಿ ತೆಗೆದು ನೇರವಾಗಿ ಕಥೆಗೆ ಹೋಗುತ್ತೇವೆ. ನಾನೂ ಹಾಗೇ ಮಾಡುತ್ತಿದ್ದೆ. ಕಥೆಗಿಂತ ಮೇಲೆ ಸಣ್ಣ ಅಕ್ಷರದಲ್ಲಿ ಹತ್ತು ಸಾಲು ಇರುತ್ತದೆ ನೋಡಿ, ಹೆಚ್ಚು ವಿಷಯ ಇರುವುದು ಅಲ್ಲೇ.

ಮೊದಲು ಆ ದಪ್ಪ ಪುಸ್ತಕದ ಕಥೆ ಹೇಳುತ್ತೇನೆ. ಅದನ್ನು ಬರೆದವರು ಗುಸ್ತಾವ್ ಕೋಬೆ, ನ್ಯೂಯಾರ್ಕಿನ ಸಂಗೀತ ವಿಮರ್ಶಕರು. ಹುಟ್ಟಿದ್ದು 1857ರಲ್ಲಿ. ಒಪೆರಾಗಳ ಕಥೆ, ಮುಖ್ಯ ಹಾಡುಗಳ ಸ್ವರಲಿಪಿ, ಮೊದಲ ಪ್ರಯೋಗದ ವಿವರ ಎಲ್ಲವನ್ನೂ ಒಂದೇ ಕಡೆ ತರಬೇಕು ಅಂತ ಹೊರಟವರು. ಕೆಲಸ ಬಹುಪಾಲು ಮುಗಿದಿತ್ತು. 1918ರ ಜುಲೈನಲ್ಲಿ ಲಾಂಗ್ ಐಲೆಂಡ್ ಹತ್ತಿರದ ನೀರಿನಲ್ಲಿ ಹಾಯಿದೋಣಿ ನಡೆಸುತ್ತಿದ್ದಾಗ ಕೆಳಗಿಳಿಯುತ್ತಿದ್ದ ನೌಕಾಪಡೆಯ ಸೀಪ್ಲೇನ್ ಬಡಿದು ತೀರಿಹೋದರು. ಉಳಿದ ಭಾಗವನ್ನು ಕ್ಯಾಥರೀನ್ ರೈಟ್ ಅನ್ನುವವರು ಪೂರ್ತಿ ಮಾಡಿದರು. 1919ರಲ್ಲಿ ಪುಸ್ತಕ ಬಂತು. ನೂರು ವರ್ಷ ದಾಟಿದರೂ ಜನ ಇವತ್ತಿಗೂ "ಕೋಬೆಯಲ್ಲಿ ನೋಡಿ" ಅನ್ನುತ್ತಾರೆ. ಅದರ ಮೊದಲ ಆವೃತ್ತಿಗೆ ಈಗ ಹಕ್ಕುಸ್ವಾಮ್ಯ ಇಲ್ಲ. ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನುವ ಜಾಲತಾಣದಲ್ಲಿ ದುಡ್ಡಿಲ್ಲದೆ ಓದಬಹುದು.

ಮುಂದೆ ಅದನ್ನು ತಿದ್ದಿ ಬೆಳೆಸಿದವರು ಇಂಗ್ಲೆಂಡಿನ ಹೇರ್‌ವುಡ್ ಪ್ರಭು. ರಾಣಿ ಎಲಿಜಬೆತ್‌ಗೆ ಸೋದರಸಂಬಂಧಿ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಕೈಗೆ ಸೆರೆಸಿಕ್ಕಿ ಕೋಲ್ಡಿಟ್ಸ್ ಕೋಟೆಯಲ್ಲಿದ್ದರು. ಅಲ್ಲಿ ಗ್ರೋವ್ ಸಂಗೀತ ನಿಘಂಟನ್ನು ಮೊದಲಿನಿಂದ ಒಂದೊಂದೇ ಸಂಪುಟವಾಗಿ ಓದುತ್ತಾ ಹೋದರಂತೆ. ಸೆರೆಮನೆಯಲ್ಲಿ ನಿಘಂಟು ಓದಿ ಹೊತ್ತು ಕಳೆದ ಮನುಷ್ಯ ಹೊರಗೆ ಬಂದು, 1954ರಲ್ಲಿ ಕೋಬೆಯ ಹೊಸ ಆವೃತ್ತಿ ತಂದರು. ಕೊನೆಯದಾಗಿ 1997ರಲ್ಲಿ ಆಂಟನಿ ಪೀಟಿ ಅವರ ಜೊತೆ ಸೇರಿ ಇನ್ನೊಮ್ಮೆ ತಿದ್ದಿದರು. ಇಂಥ ಪುಸ್ತಕಗಳ ಹಿಂದೆ ಒಬ್ಬೊಬ್ಬರ ಇಡೀ ಆಯುಷ್ಯ ಇರುತ್ತದೆ. ಅದಕ್ಕೇ ನನಗೆ ಇವುಗಳ ಮೇಲೆ ಅಷ್ಟು ಪ್ರೀತಿ.

ಈಗ 'ಲಾ ತ್ರಾವಿಯಾತಾ' ತೆಗೆಯೋಣ. ಯಾವ ಕೈಪಿಡಿಯಾದರೂ ಸರಿ, ಮೇಲುಗಡೆ ಇರುವುದು ಹೆಚ್ಚುಕಡಿಮೆ ಇಷ್ಟು. ಮೂರು ಅಂಕದ ಒಪೆರಾ. ಸಂಗೀತ ಜುಸೆಪ್ಪೆ ವೆರ್ದಿ. ಲಿಬ್ರೆಟೋ, ಅಂದರೆ ಸಾಹಿತ್ಯ, ಫ್ರಾಂಚೆಸ್ಕೊ ಮಾರಿಯಾ ಪಿಯಾವೆ. ಮೂಲ, ಕಿರಿಯ ಅಲೆಕ್ಸಾಂಡರ್ ಡ್ಯೂಮಾನ ನಾಟಕ. ಮೊದಲ ಪ್ರಯೋಗ ವೆನಿಸ್ಸಿನ ಲಾ ಫೆನಿಚೆ ರಂಗಮಂದಿರ, 6 ಮಾರ್ಚ್ 1853. ಆಮೇಲೆ ಪಾತ್ರಗಳ ಪಟ್ಟಿ, ಪ್ರತಿ ಹೆಸರಿನ ಮುಂದೆ ಆ ಕಂಠದ ಜಾತಿ. ಕೊನೆಗೆ ಕಥೆ ನಡೆಯುವ ಜಾಗ, ಕಾಲ.

ಪಾತ್ರದ ಪಟ್ಟಿಯಿಂದಲೇ ಶುರು ಮಾಡಿ. ವಯೊಲೆಟ್ಟಾ, ಸೊಪ್ರಾನೊ. ಅಂದರೆ ಹೆಣ್ಣುದನಿಯಲ್ಲಿ ಅತಿ ಎತ್ತರದ್ದು. ಆಲ್ಫ್ರೆಡೊ, ಟೆನರ್. ಗಂಡುದನಿಯಲ್ಲಿ ಎತ್ತರದ್ದು. ಆತನ ತಂದೆ ಜರ್ಮೋಂ, ಬ್ಯಾರಿಟೋನ್. ಮಧ್ಯದ ಗಂಡುದನಿ. ಈ ಮೂರು ಸಾಲು ನಿಮ್ಮ ಹತ್ತಿರ ಇದ್ದರೆ ಕಣ್ಣು ಮುಚ್ಚಿಕೊಂಡೂ ಯಾರು ಹಾಡುತ್ತಿದ್ದಾರೆ ಅಂತ ಹೇಳಬಹುದು. ನಾನು ಕ್ಯಾಸೆಟ್ ಕೇಳುವಾಗ ಇಬ್ಬರು ಗಂಡಸರು ಬೇರೆಬೇರೆ ಅಂತ ಗೊತ್ತಾಗುವುದಕ್ಕೇ ಎರಡು ಸಲ ಕೇಳಬೇಕಾಯಿತು. ಪಟ್ಟಿ ಇದ್ದಿದ್ದರೆ ಮೊದಲ ಸಲವೇ ತಿಳಿಯುತ್ತಿತ್ತು. ಅಷ್ಟೇ ಅಲ್ಲ. ಆ ಕಾಲದ ಇಟಾಲಿಯನ್ ಒಪೆರಾದಲ್ಲಿ ಪ್ರೀತಿಸುವವನು ಸಾಮಾನ್ಯವಾಗಿ ಟೆನರ್, ಪ್ರೀತಿಗೆ ಅಡ್ಡ ಬರುವವನು ಬ್ಯಾರಿಟೋನ್. ಪಟ್ಟಿ ನೋಡಿದ ಕೂಡಲೇ ಜಗಳ ಯಾರು ಯಾರಿಗೆ ಅಂತ ಅಂದಾಜು ಸಿಗುತ್ತದೆ. ಯಕ್ಷಗಾನದಲ್ಲಿ ವೇಷ ನೋಡಿದ ಕೂಡಲೇ ರಾಜನೋ ರಾಕ್ಷಸನೋ ಅಂತ ತಿಳಿಯುತ್ತದೆ ಅಲ್ವಾ? ಇಲ್ಲಿ ವೇಷ ಗಂಟಲಿನಲ್ಲಿದೆ.

ಮುಂದಿನದು ಮೂಲ ಯಾವುದು ಅನ್ನುವ ಸಾಲು. ಡ್ಯೂಮಾನ ಕಾದಂಬರಿ ಬಂದದ್ದು 1848ರಲ್ಲಿ, ನಾಟಕ ಆಡಿದ್ದು 1852ರಲ್ಲಿ, ಒಪೆರಾ 1853ರಲ್ಲಿ. ಈ ಮೂರು ಇಸವಿ ಒಟ್ಟಿಗೆ ಇಟ್ಟು ನೋಡಿ. ವೆರ್ದಿ ಹಳೆಯ ಕಾಲದ ರಾಜರಾಣಿಯರ ಕಥೆ ಎತ್ತಿಕೊಂಡಿಲ್ಲ. ಆಗಿನ ಪ್ಯಾರಿಸ್ಸಿನಲ್ಲಿ ಎಲ್ಲರ ಬಾಯಲ್ಲಿದ್ದ ಕಥೆ ತಗೊಂಡಿದ್ದಾರೆ. ಡ್ಯೂಮಾ ಮನಸ್ಸಿನಲ್ಲಿಟ್ಟುಕೊಂಡಿದ್ದ ನಿಜವಾದ ಹೆಣ್ಣು ಮಾರಿ ದ್ಯುಪ್ಲೆಸಿ, ಕ್ಷಯದಿಂದ ಸತ್ತದ್ದು 1847ರಲ್ಲಿ, 23ನೇ ವಯಸ್ಸಿಗೆ. ಅಂದರೆ ಮೊದಲ ದಿನ ನೋಡಲು ಬಂದವರಿಗೆ ಇದು ಆರು ವರ್ಷದ ಹಿಂದಿನ ಸಾವು.

ಹಾಗಿದ್ದರೆ ಕಾಲದ ಸಾಲಿನಲ್ಲಿ 1850 ಅಂತ ಇರಬೇಕಲ್ಲ? ಮೊದಲ ಪ್ರಯೋಗದ ಲಿಬ್ರೆಟೋದಲ್ಲಿ ಇರುವುದು "ಪ್ಯಾರಿಸ್, ಸುಮಾರು 1700". ವೆರ್ದಿಗೆ ತಮ್ಮ ಕಾಲದ ಬಟ್ಟೆಯಲ್ಲೇ ಆಡಿಸಬೇಕು ಅಂತ ಇತ್ತು. ವೆನಿಸ್ಸಿನಲ್ಲಿ ಒಪ್ಪಲಿಲ್ಲ. ವೇಶ್ಯೆಯೊಬ್ಬಳನ್ನು ನಾಯಕಿ ಮಾಡಿ, ಅವಳಿಗೆ ನೋಡುವವರ ಮನೆಯ ಹೆಂಗಸರ ಉಡುಪನ್ನೇ ತೊಡಿಸಿದರೆ ಜನರಿಗೆ ನುಂಗುವುದು ಕಷ್ಟ. ಅದಕ್ಕೇ ನೂರೈವತ್ತು ವರ್ಷ ಹಿಂದಕ್ಕೆ ತಳ್ಳಿದರು. ಒಂದೇ ಒಂದು ಇಸವಿ, ಅದರ ಹಿಂದೆ ಇಷ್ಟು ಜಗ್ಗಾಟ. 'ಲಾ ತ್ರಾವಿಯಾತಾ' ಅಂದರೆ ದಾರಿ ತಪ್ಪಿದವಳು ಅಂತ ಅರ್ಥ. ದಾರಿ ತಪ್ಪಿದವಳು ಯಾರು, ತಪ್ಪಿಸಿದವರು ಯಾರು ಅನ್ನುವ ಪ್ರಶ್ನೆ ವೆನಿಸ್ಸಿನ ಸಭೆಗೆ ಹತ್ತಿರದಿಂದ ತಟ್ಟಬಾರದು ಅನ್ನುವ ಹೆದರಿಕೆ ಅದು.

ಒಳ್ಳೆಯ ಕೈಪಿಡಿ ಅಂಕಗಳ ತಿಂಗಳನ್ನೂ ಹೇಳುತ್ತದೆ. ಮೊದಲ ಅಂಕ ಆಗಸ್ಟ್, ಎರಡನೆಯದು ಜನವರಿ, ಮೂರನೆಯದು ಫೆಬ್ರವರಿ. ಸುಮ್ನೆ ಬಿಟ್ಟುಬಿಡುವ ವಿವರ ಅನ್ನಿಸುತ್ತದೆ. ಆದರೆ ಫೆಬ್ರವರಿ ಅಂದರೆ ಕಾರ್ನಿವಲ್ ಸಮಯ. ವಯೊಲೆಟ್ಟಾ ಒಳಗೆ ಸಾಯುತ್ತಿರುವಾಗ ಕಿಟಕಿಯ ಹೊರಗೆ ಜನ ಕುಣಿಯುತ್ತಾ ಹೋಗುವ ಸದ್ದು ಬರುತ್ತದೆ. ತಿಂಗಳು ಗೊತ್ತಿಲ್ಲದಿದ್ದರೆ ಆ ಗಲಾಟೆ ಎಲ್ಲಿಂದ ಬಂತು ಅಂತ ತಿಳಿಯುವುದಿಲ್ಲ.

ಇನ್ನು ಮೊದಲ ಪ್ರಯೋಗದ ತಾರೀಖು. ಅದರ ಪಕ್ಕದಲ್ಲಿ ಕೆಲವು ಕೈಪಿಡಿಗಳು ಮೊದಲ ದಿನ ಹಾಡಿದವರ ಹೆಸರೂ ಕೊಡುತ್ತವೆ. ಆ ರಾತ್ರಿ ಒಪೆರಾ ಸೋತಿತು. ವೆರ್ದಿ ಮರುದಿನ ಬರೆದ ಕಾಗದದಲ್ಲಿ, ಸೋತದ್ದು ನಿಜ, ತಪ್ಪು ನನ್ನದೋ ಹಾಡಿದವರದೋ ಕಾಲವೇ ಹೇಳುತ್ತದೆ ಅಂದರು. ಮರುವರ್ಷ, 1854ರಲ್ಲಿ, ಅದೇ ವೆನಿಸ್ಸಿನ ಇನ್ನೊಂದು ರಂಗಮಂದಿರದಲ್ಲಿ, ಸ್ವಲ್ಪ ತಿದ್ದಿ ಆಡಿಸಿದಾಗ ಗೆದ್ದಿತು. ಹಾಗಾಗಿ ಕೈಪಿಡಿಯಲ್ಲಿ ಎರಡು ತಾರೀಖು ಕಂಡರೆ ಅಲ್ಲಿ ನಿಲ್ಲಿ. ಎರಡು ತಾರೀಖು ಇದ್ದಲ್ಲಿ ಒಂದು ಕಥೆ ಇರುತ್ತದೆ. ಪುಚ್ಚಿನಿಯ 'ಮದಾಮ ಬಟರ್‌ಫ್ಲೈ'ಗೂ ಹಾಗೇ, 17 ಫೆಬ್ರವರಿ 1904 ಮಿಲಾನ್, 28 ಮೇ 1904 ಬ್ರೆಶ್ಯಾ. ಮೊದಲನೆಯದು ಸೋಲು, ಎರಡನೆಯದು ಗೆಲುವು. ಬಿಝೆಯ 'ಕಾರ್ಮೆನ್' ನೋಡಿ, ಮಾರ್ಚ್ 1875 ಪ್ಯಾರಿಸ್, ಅಕ್ಟೋಬರ್ 1875 ವಿಯೆನ್ನಾ. ನಡುವೆ ಜೂನ್‌ನಲ್ಲಿ ಬಿಝೆ ಸತ್ತುಹೋಗಿದ್ದಾರೆ, 36 ವರ್ಷಕ್ಕೆ. ಪ್ಯಾರಿಸ್ಸಿನಲ್ಲಿ ಹಾಡುಗಳ ನಡುವೆ ಮಾತಿತ್ತು. ವಿಯೆನ್ನಾಕ್ಕೆ ಅಂತ ಅವರ ಸ್ನೇಹಿತ ಗಿರೋ ಆ ಮಾತುಗಳಿಗೂ ಸಂಗೀತ ಕೂಡಿಸಿದರು. ಇವತ್ತು ನೀವು ಕೇಳುವ 'ಕಾರ್ಮೆನ್' ಈ ಎರಡರಲ್ಲಿ ಯಾವುದು ಬೇಕಾದರೂ ಆಗಿರಬಹುದು.

ಈಗ ಕಥಾಸಾರ. ತುಂಬಾ ಜನ ಕೇಳುತ್ತಾರೆ, ಕಥೆ ಮೊದಲೇ ಓದಿದರೆ ಸ್ವಾರಸ್ಯ ಹೋಗುವುದಿಲ್ಲವೇ ಅಂತ. ಖಂಡಿತ ಇಲ್ಲ. ಅಭಿಮನ್ಯು ಸಾಯುತ್ತಾನೆ ಅಂತ ಗೊತ್ತಿದ್ದೇ ನಾವು ಬಯಲಾಟಕ್ಕೆ ಹೋಗಿ ಬೆಳಗಿನವರೆಗೆ ಕೂರುತ್ತೇವೆ. ಭಾಗವತರು ಆ ಪದ್ಯವನ್ನು ಹೇಗೆ ಎತ್ತುತ್ತಾರೆ ಅನ್ನುವುದಕ್ಕೆ ಕಾಯುತ್ತೇವೆ. ಒಪೆರಾವೂ ಹೀಗೇ. ಕಥೆ ಮೊದಲೇ ಗೊತ್ತಿದ್ದರೆ ಕಿವಿ ಹಾಡಿಗೆ ಬಿಡುವಾಗಿರುತ್ತದೆ.

ಆದರೆ ಕಥಾಸಾರ ಓದುವುದಕ್ಕೆ ಒಂದು ಕ್ರಮ ಇದೆ. ಪ್ಯಾರಾಗಳ ನಡುವೆ ಓರೆ ಅಕ್ಷರದಲ್ಲಿ ಮೂಲ ಭಾಷೆಯ ಎರಡು ಮೂರು ಪದ ಇರುತ್ತದೆ. 'ಲಿಬಿಯಾಮೊ', 'ಸೆಂಪ್ರೆ ಲಿಬೆರಾ', 'ಅದ್ದಿಯೊ ದೆಲ್ ಪಸ್ಸಾತೊ'. ಅವು ಹಾಡಿನ ಮೊದಲ ಮಾತುಗಳು. ನಾವು ದೇವರನಾಮವನ್ನು ಪಲ್ಲವಿಯ ಮೊದಲ ಮಾತಿನಿಂದ ಗುರುತಿಸುವ ಹಾಗೆ ಅವರೂ ಗುರುತಿಸುತ್ತಾರೆ. ಸಿಡಿ ಹಿಂದೆ, ಯೂಟ್ಯೂಬ್‌ನಲ್ಲಿ ಇರುವುದೂ ಅದೇ ಮಾತು. ಒಂದು ಹಾಳೆಯಲ್ಲಿ ಇವನ್ನು ಸಾಲಾಗಿ ಬರೆದುಕೊಳ್ಳಿ, ಪಕ್ಕದಲ್ಲಿ ಕನ್ನಡದಲ್ಲಿ ಒಂದೇ ಸಾಲಿನ ಅರ್ಥ. ಕೇಳುವಾಗ ದಪ್ಪ ಪುಸ್ತಕ ಬೇಡ, ಆ ಹಾಳೆ ಸಾಕು. ಪುಸ್ತಕ ತೊಡೆ ಮೇಲಿಟ್ಟುಕೊಂಡು ಕೇಳಲು ಹೋದರೆ ಓದೂ ಆಗುವುದಿಲ್ಲ, ಕೇಳುವುದೂ ಆಗುವುದಿಲ್ಲ.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಈ ಓರೆ ಅಕ್ಷರಗಳಿಂದಲೇ. ಮೊದಲ ಅಂಕದಲ್ಲಿ ಆಲ್ಫ್ರೆಡೊ ತನ್ನ ಪ್ರೀತಿ ಹೇಳಿಕೊಳ್ಳುವಾಗ 'ದಿ ಕ್ವೆಲ್ಲಮೋರ್' ಅಂತ ಒಂದು ಸಾಲು ಹಾಡುತ್ತಾನೆ. ಅದೇ ಅಂಕದ ಕೊನೆಗೆ ವಯೊಲೆಟ್ಟಾ ಒಬ್ಬಳೇ ಇರುವಾಗ ಆ ಸಾಲನ್ನು ತಾನೇ ಹಾಡಿಕೊಳ್ಳುತ್ತಾಳೆ. ಆಮೇಲೆ ಹೊರಗಿನಿಂದ ಅವನ ದನಿಯಲ್ಲೂ ಅದು ಕೇಳುತ್ತದೆ. ಮೂರನೇ ಅಂಕದಲ್ಲಿ ಆಕೆ ಹಾಸಿಗೆ ಹಿಡಿದಿದ್ದಾಳೆ. ಆಲ್ಫ್ರೆಡೊನ ತಂದೆ ಬರೆದ ಕಾಗದ ತೆಗೆದು ಓದುತ್ತಾಳೆ. ಕಾಗದವನ್ನು ಹಾಡುವುದಿಲ್ಲ, ಓದುತ್ತಾಳೆ. ಎಷ್ಟೋ ಸಲ ಓದಿ ಬಾಯಿಪಾಠವಾದ ಕಾಗದ ಅದು. ಆಗ ಹಿಂದೆ ಪಿಟೀಲಿನಲ್ಲಿ ಬರುವುದು ಅದೇ 'ದಿ ಕ್ವೆಲ್ಲಮೋರ್'. ಬಾಯಿ ತಂದೆಯ ಮಾತು ಓದುತ್ತಿದೆ, ಪಿಟೀಲು ಮಗನ ಮಾತು ನೆನೆಯುತ್ತಿದೆ. ಕಾಗದ ಮುಗಿದ ಮೇಲೆ 'ಎ ತಾರ್ದಿ' ಅನ್ನುತ್ತಾಳೆ. ತಡವಾಯಿತು. ಕೈಪಿಡಿಯಲ್ಲಿ ಇದು ಎರಡು ಸಾಲು ಅಷ್ಟೇ. ಆ ಎರಡು ಸಾಲು ಓದಿ, ಮನೆಗೆ ಹೋಗಿ, ಮತ್ತೆ ಕ್ಯಾಸೆಟ್ ಹಾಕಿದೆ. ಆ ರಾತ್ರಿಯಿಂದ ಒಪೆರಾ ನನಗೆ ಪರದೇಶದ್ದು ಅನ್ನಿಸಿಲ್ಲ.

ಒಂದು ಎಚ್ಚರಿಕೆ. ಹಾಳೆ ಹಿಡಿದು ಕೇಳುವಾಗ ನಡುವೆ ಒಂದು ಹಾಡು ಮಾಯವಾದರೆ ಗಾಬರಿಯಾಗಬೇಡಿ. 'ತ್ರಾವಿಯಾತಾ'ದ ಎರಡನೇ ಅಂಕದಲ್ಲಿ ಆಲ್ಫ್ರೆಡೊನ 'ಓ ಮಿಯೊ ರಿಮೋರ್ಸೊ' ಅನ್ನುವ ಹಾಡನ್ನೂ, ತಂದೆಯ ಪ್ರಸಿದ್ಧ ಹಾಡಾದ ಮೇಲೆ ಬರುವ ವೇಗದ ಭಾಗವನ್ನೂ ಹಳೆಯ ರೆಕಾರ್ಡಿಂಗ್‌ಗಳಲ್ಲಿ ಸಾಮಾನ್ಯವಾಗಿ ಬಿಟ್ಟುಬಿಡುತ್ತಿದ್ದರು. ರಾತ್ರಿ ಚಿಕ್ಕದಾದರೆ ಮೇಳದವರು ಪದ್ಯ ಬಿಡುವ ಹಾಗೆ. ನಿಮ್ಮ ಕಿವಿ ತಪ್ಪಿಲ್ಲ, ಪುಸ್ತಕವೂ ತಪ್ಪಿಲ್ಲ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಈ ಪುಸ್ತಕಗಳ ದಾರಿಯಲ್ಲಿ ನಮ್ಮ ಮೈಸೂರೂ ಸಿಗುತ್ತದೆ, ಅದನ್ನು ಹೇಳದೆ ಸುಮ್ಮನಿರಲಾಗುವುದಿಲ್ಲ. ಗ್ರೋವ್ ನಿಘಂಟಿನಲ್ಲಿ ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್ ಹೆಸರು ನೋಡಿ. ನಾರ್ವೆಯ ಸೊಪ್ರಾನೊ. ಜರ್ಮನಿಯ ಒಪೆರಾ ಸಂಯೋಜಕ ವಾಗ್ನರ್‌ನ ಇಸೋಲ್ಡ, ಬ್ರೂನ್‌ಹಿಲ್ಡ ಪಾತ್ರಗಳಿಗೆ ಅವರಷ್ಟು ದೊಡ್ಡ ದನಿ ಆ ಕಾಲದಲ್ಲಿ ಇರಲಿಲ್ಲ. ರಿಚರ್ಡ್ ಸ್ಟ್ರೌಸ್ ಸಾಯುವ ಮೊದಲು ಬರೆದ ಕೊನೆಯ ನಾಲ್ಕು ಹಾಡುಗಳನ್ನು ಮೊದಲ ಸಲ ಹಾಡಿದವರೂ ಅವರೇ, 22 ಮೇ 1950ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ವಾದ್ಯವೃಂದ ಫಿಲ್‌ಹಾರ್ಮೋನಿಯಾ, ನಡೆಸಿದವರು ಫುರ್ಟ್‌ವೆಂಗ್ಲರ್. ಆ ಕಛೇರಿಗೆ ಹಣದ ಬೆಂಬಲ ಕೊಟ್ಟವರು ನಮ್ಮ ಜಯಚಾಮರಾಜೇಂದ್ರ ಒಡೆಯರ್. ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ರಷ್ಯಾದ ಸಂಯೋಜಕ ಮೆಟ್ನರ್ ಲಂಡನ್ನಿನಲ್ಲಿ ಮರೆತುಹೋದವರ ಹಾಗೆ ಬದುಕುತ್ತಿದ್ದಾಗ ಅವರ ಸಂಗೀತವನ್ನು ರೆಕಾರ್ಡ್ ಮಾಡಿಸಿದ್ದೂ ಮೈಸೂರಿನ ಮಹಾರಾಜರೇ. ಒಪೆರಾ, ಸಿಂಫನಿ ಎಲ್ಲ ನಮಗೆ ಸಂಬಂಧವಿಲ್ಲದ್ದು ಅನ್ನುವವರಿಗೆ ನಾನು ಈ ತಾರೀಖು ಹೇಳುತ್ತೇನೆ. ಆಕರ ಗ್ರಂಥದಲ್ಲಿ ಒಂದು ಹೆಸರು ಹುಡುಕಿಕೊಂಡು ಹೋದರೆ ಇನ್ನೊಂದು ಸಿಗುತ್ತದೆ. ಹಾಗೆ ಹೋಗ್ತಾ ಹೋಗ್ತಾ ಒಂದು ದಿನ ನಮ್ಮೂರೇ ಸಿಕ್ಕಿತು.

ಗ್ರೋವ್ ಅಂದೆನಲ್ಲ, ಆ ಜಾರ್ಜ್ ಗ್ರೋವ್ ಮೊದಲು ಇಂಜಿನಿಯರ್. ಜಮೈಕಾ, ಬರ್ಮುಡಾಗಳಲ್ಲಿ ಹಡಗುಗಳಿಗೆ ದಾರಿ ತೋರುವ ಎರಕದ ಕಬ್ಬಿಣದ ಲೈಟ್‌ಹೌಸ್ ಕಟ್ಟಿಸುವ ಕೆಲಸ ಮಾಡಿದವರು. ಸಂಗೀತ ಓದಿ ಕಲಿತವರಲ್ಲ, ಕೇಳಿ ಕಲಿತವರು. ತನ್ನಂಥ ಕೇಳುಗರಿಗೆ ಒಂದು ನಿಘಂಟು ಬೇಕು ಅಂತ 1879ರಿಂದ ಹತ್ತು ವರ್ಷ ಹಿಡಿದು ನಾಲ್ಕು ಸಂಪುಟ ತಂದರು. 1980ರ ಹೊತ್ತಿಗೆ ಅದು 20 ಸಂಪುಟ ಆಯಿತು. 1992ರಲ್ಲಿ ಒಪೆರಾಗೆಂದೇ ಬೇರೆ ನಾಲ್ಕು ಸಂಪುಟ ಬಂತು. ಕೋಬೆ ಕಥೆ ಹೇಳುವ ಅಜ್ಜನ ಹಾಗೆ, ಗ್ರೋವ್ ಪಾಠ ಹೇಳುವ ಮೇಷ್ಟರ ಹಾಗೆ. ಕಥೆ ಮುಗಿದ ಮೇಲೆ ಮೇಷ್ಟರ ಹತ್ತಿರ ಹೋಗಿ.

ಮೂರನೆಯದು ಆಲ್ಫ್ರೆಡ್ ಲೋವೆನ್‌ಬರ್ಗ್ ಮಾಡಿದ ಪಟ್ಟಿ. ನಾಝಿಗಳ ಕಾಲದಲ್ಲಿ ಜರ್ಮನಿ ಬಿಟ್ಟು ಇಂಗ್ಲೆಂಡಿಗೆ ಬಂದವರು. ಯುದ್ಧ ನಡೆಯುತ್ತಿರುವಾಗಲೇ, 1943ರಲ್ಲಿ, ಪುಸ್ತಕ ಬಂತು. ಅದರಲ್ಲಿ ಕಥೆ ಇಲ್ಲ. 1597ರಿಂದ 1940ರವರೆಗಿನ ಸಾವಿರಾರು ಒಪೆರಾಗಳು ಇಸವಿಯ ಪ್ರಕಾರ, ಪ್ರತಿಯೊಂದೂ ಯಾವ ಊರಿನಲ್ಲಿ, ಯಾವ ಭಾಷೆಯಲ್ಲಿ, ಎಂದು ಆಡಿತು ಅನ್ನುವ ಲೆಕ್ಕ. ಮನೆ ಬಿಟ್ಟು ಬಂದ ಮನುಷ್ಯ ಹಾಡುಗಳು ಊರಿಂದೂರಿಗೆ ಹೋದ ದಾರಿಯನ್ನು ಇಷ್ಟು ಶ್ರದ್ಧೆಯಿಂದ ಬರೆದಿಟ್ಟಿದ್ದಾರೆ. ಅದರ ಪುಟ ತಿರುಗಿಸುವಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

ಪುಸ್ತಕ ಯಾವ ವರ್ಷದ್ದು ಅನ್ನುವುದನ್ನೂ ನೋಡಬೇಕು. ಕೋಬೆಯ 1919ರ ಆವೃತ್ತಿಯಲ್ಲಿ, ಹದಿನೆಂಟನೇ ಶತಮಾನದ ಸಂಯೋಜಕ ಗ್ಲುಕ್‌ಗಿಂತ ಹಿಂದಿನವರಿಗೆಲ್ಲ ಸೇರಿಸಿ ಒಂದು ಚಿಕ್ಕ ಅಧ್ಯಾಯ. ವಾಗ್ನರ್‌ಗೆ ಮಾತ್ರ ಪುಟಗಟ್ಟಲೆ. ಆ ಹಿಂದಿನವರಲ್ಲಿ ಒಬ್ಬರಾದ ಹ್ಯಾಂಡೆಲ್ ದೊಡ್ಡವರಲ್ಲ ಅಂತ ಅರ್ಥ ಅಲ್ಲ. ಆಗ ಹ್ಯಾಂಡೆಲ್‌ನ ಒಪೆರಾ ಯಾರೂ ಆಡುತ್ತಿರಲಿಲ್ಲ. ಜರ್ಮನಿಯ ಗಾಟಿಂಗೆನ್‌ನಲ್ಲಿ 'ರೊಡೆಲಿಂಡಾ' ಮತ್ತೆ ಆಡಿದ್ದು 1920ರಲ್ಲಿ, ಪುಸ್ತಕ ಬಂದ ಮರುವರ್ಷ. ಹ್ಯಾಂಡೆಲ್ ಮರಳಿ ಬಂದದ್ದು ಅಲ್ಲಿಂದ. ಇನ್ನೊಂದು, ಯಾವ ದೊಡ್ಡ ಪುಸ್ತಕವನ್ನೂ ಒಂದನ್ನೇ ನಂಬಬೇಡಿ. 1980ರ ಗ್ರೋವ್‌ನಲ್ಲಿ ಎಸ್ರುಮ್-ಹೆಲ್ಲೆರುಪ್ ಅನ್ನುವ ಡೆನ್ಮಾರ್ಕಿನ ಸಂಯೋಜಕನ ಬಗ್ಗೆ ಒಂದು ನಮೂದು ಇತ್ತು. ಅಂಥ ಮನುಷ್ಯ ಹುಟ್ಟಿಯೇ ಇರಲಿಲ್ಲ. ಬರಹಗಾರರೊಬ್ಬರು ತಮಾಷೆಗೆ ಸೃಷ್ಟಿಸಿ ಕಳಿಸಿದ್ದು ಅಚ್ಚಾಗಿಬಿಟ್ಟಿತ್ತು. ಆಮೇಲೆ ತೆಗೆದರು. ಒಂದು ತಾರೀಖು ಮುಖ್ಯ ಅನ್ನಿಸಿದರೆ ಎರಡು ಪುಸ್ತಕದಲ್ಲಿ ನೋಡಿ.

ಎಲ್ಲಿಂದ ಶುರು ಮಾಡಲಿ ಅಂತ ಆಗಲೇ ಒಬ್ಬರು ಕೇಳಿದರು. ಭಾರತದ ಕಥೆ ಅಂತ ಹಲವರು ದೆಲೀಬ್‌ನ 'ಲಕ್ಮೆ' ತೋರಿಸುತ್ತಾರೆ. 1883, ಪ್ಯಾರಿಸ್. ಅದರ ಹೂವಿನ ಯುಗಳಗೀತೆಯನ್ನು ನೀವು ವಿಮಾನದ ಜಾಹೀರಾತಿನಲ್ಲಿ ಕೇಳಿರುತ್ತೀರಿ. ಹಾಡು ಚೆನ್ನಾಗಿದೆ. ಆದರೆ ಮೂಲದ ಸಾಲು ನೋಡಿ, ಅದರಲ್ಲಿ ಪಿಯೆರ್ ಲೋತಿ ಬರೆದ ತಾಹಿತಿ ದ್ವೀಪದ ಕಥೆಯೂ ಇದೆ. ಅಲ್ಲಿ ಕಾಣುವುದು ಪ್ಯಾರಿಸ್ಸಿನವರ ಕನಸಿನ ಭಾರತ.

ನಾನು ಹೇಳುವುದು ಗುಸ್ತಾವ್ ಹೋಲ್ಸ್ಟ್‌ನ 'ಸಾವಿತ್ರಿ'. ಹೋಲ್ಸ್ಟ್ ಸಂಸ್ಕೃತ ಕಲಿತವರು, ಸಾಹಿತ್ಯವನ್ನೂ ತಾವೇ ಇಂಗ್ಲಿಷ್‌ನಲ್ಲಿ ಬರೆದರು. ಕೈಪಿಡಿ ತೆಗೆದು ಮೊದಲ ಸಾಲುಗಳನ್ನು ನೋಡಿ. ಒಂದೇ ಅಂಕ, ಸುಮಾರು ಅರ್ಧ ಗಂಟೆ. ಮೊದಲ ಪ್ರಯೋಗ ಲಂಡನ್, ಡಿಸೆಂಬರ್ 1916. ಮೂಲ ಮಹಾಭಾರತ. ಪಾತ್ರ ಮೂರೇ. ಸಾವಿತ್ರಿ ಸೊಪ್ರಾನೊ, ಸತ್ಯವಾನ ಟೆನರ್, ಮೃತ್ಯು ಬಾಸ್, ಅಂದರೆ ಎಲ್ಲಕ್ಕಿಂತ ಕೆಳಗಿನ ಗಂಡುದನಿ. ಪಟ್ಟಿಯಲ್ಲಿ ಅಶ್ವಪತಿ ಇಲ್ಲ, ಕುರುಡು ಮಾವ ಇಲ್ಲ. ಅಂದರೆ ಮಾವನ ಕಣ್ಣು, ರಾಜ್ಯ, ನೂರು ಮಕ್ಕಳು ಅಂತ ನಮ್ಮ ಸಾವಿತ್ರಿ ಒಂದೊಂದಾಗಿ ಕೇಳುವ ವರಗಳು ಇಲ್ಲಿ ಇರಲಾರವು. ಹೋಲ್ಸ್ಟ್‌ನ ಸಾವಿತ್ರಿ ಕೇಳುವುದು ಒಂದೇ, ತುಂಬಿದ ಬದುಕು. ಮೃತ್ಯು ಕೊಟ್ಟುಬಿಡುತ್ತದೆ. ಆಮೇಲೆ ಆಕೆ, ಸತ್ಯವಾನನಿಲ್ಲದೆ ನನಗೆ ಬದುಕು ಎಲ್ಲಿಯದು ಅನ್ನುತ್ತಾಳೆ.

ಇವತ್ತು ರಾತ್ರಿ ಮನೆಗೆ ಹೋಗಿ ದೀಪ ಆರಿಸಿ ಕೇಳಿ. ಶುರುವಿನಲ್ಲಿ ವಾದ್ಯ ಇರುವುದಿಲ್ಲ. ಕತ್ತಲಲ್ಲಿ, ದೂರದಿಂದ, ಒಂದೇ ಒಂದು ಗಂಡುದನಿ ಸಾವಿತ್ರಿಯ ಹೆಸರು ಹಿಡಿದು ಕರೆಯುತ್ತದೆ. ತುಂಬಾ ಕೆಳಗಿನ ದನಿ. ಅದು ಯಾರದ್ದು ಅಂತ ಈಗ ನಿಮಗೆ ಗೊತ್ತು.